ನದಿಗೆ ಮೀನು ಬಿತ್ತಿದ ಪಾದ್ರಿ

ನನ್ನ ಉದ್ಯೋಗವೇನೆಂದು ಯಾರಾದರೂ ಕೇಳಿದಾಗ ಮೀನುಮರಿ ಉತ್ಪಾದನಾ ಕೇಂದ್ರದ ವ್ಯವಸ್ಥಾಪಕನೆಂದು ಹೇಳುತ್ತಿದ್ದೆ. ಕೇಳಿದವರ ಮುಖದಲ್ಲಿ ಒಂದು ಮುಗುಳ್ನಗೆ ಸುಳಿದು ಮಾಯವಾಗುತ್ತಿತ್ತು. ಮೀನಿನ ಮರಿಗೆ ಈಜು ಕಲಿಸಬೇಕೆ ಎಂಬ ಗಾದೆಯನ್ನು ನೆನಪಿಸಿ ನನ್ನನ್ನು ಛೇಡಿಸಿದ ಬಂಧುಗಳೂ ಇದ್ದರು. ನಾನು ಈಜು ಕಲಿಸುವವನಲ್ಲ, ಹುಟ್ಟಿಸುವವನು ಎಂದರೆ ನಗೆ ಇನ್ನೂ ಹೆಚ್ಚಾಗುತ್ತಿತ್ತು. ಅವರನ್ನು ದೂರಿ ಫಲವಿಲ್ಲ. ನದಿಯಲ್ಲಿ ಮೀನು ತಾನಾಗಿ ಇರುತ್ತದೆ, ಬಾನಿನಲ್ಲಿ ಮೋಡವಿದ್ದಂತೆ, ಎಂದು ನಮ್ಮ ಜನ ನಂಬಿದ್ದಾರೆ. ಅದು ತಾನಾಗಿ ಇರುವುದು ನಿಂತುಹೋದ ಮೇಲೆಯೇ ನನ್ನಂಥವನ ಉದ್ಯೋಗ ಹುಟ್ಟುವುದು ಎಂಬ ಮಾತನ್ನು ನಾನೂ ಬಹುಕಾಲ ಯೋಚಿಸಿರಲಿಲ್ಲ. ಅದನ್ನು ಯೋಚಿಸುವಂತೆ ಮಾಡಿದವನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಪರದೇಶದ ಪಾದ್ರಿ. ಲಿವಿಂಗ್‌ಸ್ಟನ್ ಸ್ಟೋನ್ ಎಂಬುದು ಆತನ ಹೆಸರು. ಮೀನು ಕೃಷಿಯ ವೃತ್ತಿಯವರಿಗೆಲ್ಲ ಆತನು ಹಿರಿಯ. ಅಮೆರಿಕದಲ್ಲಿ ಆತನ ಹೆಸರನ್ನು ಹೊತ್ತ ಮೀನುಮರಿ ಕೇಂದ್ರವೊಂದು ಈಗಲೂ ಕೆಲಸ ಮಾಡುತ್ತಿದೆ. ಆತನ ಬಾಳಿನ ಕಥೆಯನ್ನು ನನಗೆ ತಿಳಿದಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಸ್ಟೋನನು ಹುಟ್ಟಿದ್ದು ೧೮೩೬ರಲ್ಲಿ, ಅಮೆರಿಕದ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್ ಪಟ್ಟಣದಲ್ಲಿ. ಅಲ್ಲಿಯೇ ಹಾರ್ವರ್ಡ್ ವಿದ್ಯಾಲಯದಲ್ಲಿ ಓದಿ ೧೮೫೭ರಲ್ಲಿ ಪದವೀಧರನಾದನು. ಬಳಿಕ ಮೀಡ್‌ವಿಲ್ಲಿನ ಧರ್ಮಶಾಸ್ತ್ರ ಶಾಲೆಯಲ್ಲಿ ಕಲಿತು, ನ್ಯೂ ಹ್ಯಾಂಪ್‌ಷೈರಿನ ಚಾರ್ಲ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಯೂನಿಟೇರಿಯನ್ ಪಂಥದ ಪಾದ್ರಿಯಾದನು. ಆತನ ದೇಹಸ್ಥಿತಿ ಚೆನ್ನಾಗಿರಲಿಲ್ಲ. ಮನೆಯೊಳಗೆ ಕುಳಿತು ಗ್ರಂಥ ಓದಿ ಉಪದೇಶ ಬರೆಯುವ ಬಾಳು ಆ ದೇಹಕ್ಕೆ ಒಗ್ಗಲಿಲ್ಲ. ಬಯಲಿನ ಗಾಳಿಯಲ್ಲಿ ಮಾಡುವ ಕೆಲಸವೊಂದು ಬೇಕಾಯಿತು. ಆತನು ಆರಿಸಿಕೊಂಡದ್ದು ಮೀನು ಸಾಕಣೆಯನ್ನು.

ಆ ಆಯ್ಕೆಗೆ ಊರಿನ ಪಕ್ಕದಲ್ಲಿಯೇ ಕಾರಣವೊಂದು ಹರಿಯುತ್ತಿತ್ತು. ಚಾರ್ಲ್ಸ್‌ಟೌನ್ ಇರುವುದು ಕನೆಕ್ಟಿಕಟ್ ನದಿಯ ದಡದಲ್ಲಿ. ಒಂದು ಕಾಲದಲ್ಲಿ ಆ ನದಿಯಲ್ಲಿ ಸಾಲ್ಮನ್ ಮೀನು ಪ್ರತಿ ವಸಂತದಲ್ಲಿಯೂ ಸಮುದ್ರದಿಂದ ಮೇಲಕ್ಕೆ ಏರಿ ಬರುತ್ತಿತ್ತು. ೧೭೯೮ರಲ್ಲಿ ಟರ್ನರ್ಸ್ ಫಾಲ್ಸ್ ಎಂಬಲ್ಲಿ ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. ಹುಟ್ಟಿದ ತಾಣಕ್ಕೆ ಮರಳಿ ಮೊಟ್ಟೆಯಿಡುವುದು ಸಾಲ್ಮನ್ನಿನ ಧರ್ಮ; ಆ ದಾರಿ ಮುಚ್ಚಿತು. ಕೆಲವೇ ವರ್ಷಗಳಲ್ಲಿ ಆ ಮೀನು ಆ ನದಿಯಿಂದ ಅಳಿದುಹೋಯಿತು. ಸ್ಟೋನನು ಪಾದ್ರಿಯಾಗಿ ಬರುವ ಹೊತ್ತಿಗೆ ಸಾಲ್ಮನ್ ಎಂಬುದು ಅಜ್ಜಂದಿರ ಕಥೆಯಾಗಿತ್ತು. ೧೮೫೭ರಲ್ಲಿ ಜಾರ್ಜ್ ಪರ್ಕಿನ್ಸ್ ಮಾರ್ಷ್ ಎಂಬ ವಿದ್ವಾಂಸನು ನೆರೆಯ ವರ್ಮಾಂಟ್ ಸರಕಾರಕ್ಕೆ ಒಂದು ವರದಿ ಬರೆದನು. ಕಾಡು ಕಡಿದುದು, ಕಟ್ಟೆಗಳು, ಕಾರ್ಖಾನೆಗಳ ಕೊಳಕು, ಕಾಲವರಿಯದೆ ಹಿಡಿಯುವುದು, ಇವೆಲ್ಲವೂ ಸೇರಿ ಮೀನನ್ನು ಕೊಂದವೆಂದು ಆತನು ತೋರಿಸಿದನು. ಜನರ ನಡತೆಯನ್ನು ಕಾನೂನಿನಿಂದ ತಿದ್ದುವುದು ದುಸ್ಸಾಧ್ಯ. ಆದುದರಿಂದ ಮೀನನ್ನು ಕೃತಕವಾಗಿ ಹುಟ್ಟಿಸಿ ನದಿಗೆ ಬಿಡುವುದೇ ಮೇಲು ಎಂಬುದು ಆತನ ತೀರ್ಮಾನವಾಗಿತ್ತು. ಮನುಷ್ಯನನ್ನು ತಿದ್ದುವುದಕ್ಕಿಂತ ಮೀನನ್ನು ಹುಟ್ಟಿಸುವುದು ಸುಲಭವೆಂಬ ಈ ಯೋಚನೆಯ ಮೇಲೆಯೇ ನಮ್ಮ ವೃತ್ತಿಯ ಅಡಿಗಲ್ಲು ಬಿದ್ದಿದೆ. ಅದು ಎಷ್ಟು ಗಟ್ಟಿಯಾದ ಕಲ್ಲೆಂಬುದು ಮುಂದೆ ತಿಳಿಯುತ್ತದೆ.

ಮೀನಿನ ಮೊಟ್ಟೆಯನ್ನು ಕೈಯಿಂದ ಹಿಂಡಿ ತೆಗೆದು, ಗಂಡಿನ ರೇತಸ್ಸನ್ನು ಬೆರೆಸಿ, ಮರಿ ಮಾಡಬಹುದೆಂದು ಹದಿನೆಂಟನೆಯ ಶತಮಾನದಲ್ಲಿಯೇ ಜರ್ಮನಿಯ ಯಾಕೋಬಿ ಎಂಬವನು ತೋರಿಸಿದ್ದನು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಫ್ರಾನ್ಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಅಮೆರಿಕದಲ್ಲಿ ಸೆತ್ ಗ್ರೀನ್ ಎಂಬವನು ೧೮೬೪ರಲ್ಲಿ ನ್ಯೂಯಾರ್ಕ್ ಪ್ರಾಂತದ ಕ್ಯಾಲೆಡೋನಿಯಾದಲ್ಲಿ ಟ್ರೌಟ್ ಮೀನಿನ ಕೇಂದ್ರವನ್ನು ತೆರೆದನು. ಸ್ಟೋನನು ಅದೇ ದಶಕದಲ್ಲಿ ಚಾರ್ಲ್ಸ್‌ಟೌನಿನ ತಣ್ಣನೆಯ ಒರತೆಯೊಂದರ ಬಳಿ ಕೊಳಗಳನ್ನು ಕಟ್ಟಿ ಟ್ರೌಟ್ ಸಾಕತೊಡಗಿದನು. ಕೆನಡಾದ ಮಿರಾಮಿಶಿ ನದಿಯ ಬಳಿ ಸಾಲ್ಮನ್ ಮೊಟ್ಟೆ ಸಂಗ್ರಹಿಸುವ ಪ್ರಯತ್ನವನ್ನೂ ಮಾಡಿದನು. ೧೮೭೦ರ ಡಿಸೆಂಬರಿನಲ್ಲಿ ಈ ಹೊಸ ವೃತ್ತಿಯವರು ಕೆಲವರು ಸೇರಿ ಒಂದು ಸಂಘ ಕಟ್ಟಿದಾಗ ಅದರ ಸ್ಥಾಪಕರಲ್ಲಿ ಸ್ಟೋನನೂ ಒಬ್ಬನು. ಅದೇ ಇಂದಿನ ಅಮೆರಿಕನ್ ಫಿಷರೀಸ್ ಸೊಸೈಟಿ. ೧೮೭೨ರಲ್ಲಿ ಟ್ರೌಟ್ ಸಾಕಣೆಯನ್ನು ಕುರಿತು ಆತನು ಬರೆದ ಪುಸ್ತಕ ಹೊರಬಂದಿತು. ಪಾದ್ರಿಯ ಅಂಗಿ ಅಷ್ಟು ಹೊತ್ತಿಗೆ ಗೂಟದ ಪಾಲಾಗಿತ್ತು.

೧೮೭೧ರಲ್ಲಿ ಅಮೆರಿಕದ ಕೇಂದ್ರ ಸರಕಾರ ಮೀನುಗಾರಿಕೆಯ ಆಯೋಗವೊಂದನ್ನು ನೇಮಿಸಿತು. ಅದರ ಮುಖ್ಯಸ್ಥ ಸ್ಪೆನ್ಸರ್ ಬೇರ್ಡ್ ಎಂಬ ಪ್ರಾಣಿವಿಜ್ಞಾನಿ. ಪೂರ್ವತೀರದ ನದಿಗಳಲ್ಲಿ ಅಳಿದ ಸಾಲ್ಮನ್ನಿಗೆ ಬದಲಾಗಿ ಪಶ್ಚಿಮತೀರದ ಸಾಲ್ಮನ್ನನ್ನು ತಂದು ಬಿತ್ತಬೇಕೆಂಬುದು ಆಯೋಗದ ಹಂಬಲ. ಅದಕ್ಕೆ ಮೊಟ್ಟೆ ಬೇಕು. ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮೊಟ್ಟೆ ತರುವ ಹೊಣೆಯನ್ನು ಬೇರ್ಡ್ ಸ್ಟೋನನಿಗೆ ಒಪ್ಪಿಸಿದನು. ಸ್ಟೋನನು ೧೮೭೨ರ ಬೇಸಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಲಪಿ ವಿಚಾರಿಸಿದರೆ, ಸಾಲ್ಮನ್ ಎಲ್ಲಿ ಯಾವಾಗ ಮೊಟ್ಟೆಯಿಡುತ್ತದೆಂದು ಹೇಳಬಲ್ಲವರು ಸಿಗಲಿಲ್ಲ. ಮಾರುಕಟ್ಟೆಯಲ್ಲಿ ಮೀನಿನ ರಾಶಿಯಿತ್ತು. ಡಬ್ಬಿಯಲ್ಲಿ ತುಂಬುವ ಕಾರ್ಖಾನೆ ೧೮೬೪ರಿಂದಲೇ ಸ್ಯಾಕ್ರಮೆಂಟೋ ನದಿಯಲ್ಲಿ ತಲೆಯೆತ್ತಿತ್ತು. ಮೀನನ್ನು ತಿನ್ನುವವರು ಸಹಸ್ರಾರು, ಅದರ ತವರನ್ನು ಬಲ್ಲವರಿಲ್ಲ. ಕೊನೆಗೆ ರೈಲುದಾರಿಯ ಹಿರಿಯ ಎಂಜಿನಿಯರನೊಬ್ಬನಿಂದ ಸುಳಿವು ದೊರೆಯಿತು: ಉತ್ತರದ ಬೆಟ್ಟಗಳಲ್ಲಿ ಮೆಕ್‌ಕ್ಲೌಡ್ ಎಂಬ ಉಪನದಿಯಲ್ಲಿ ಅಲ್ಲಿಯ ಮೂಲನಿವಾಸಿಗಳು ಮೊಟ್ಟೆಯಿಡುವ ಸಾಲ್ಮನ್ನನ್ನು ಈಟಿಯಿಂದ ಹಿಡಿಯುವುದನ್ನು ಆತನು ಕಂಡಿದ್ದನು.

ಆ ನದಿಯನ್ನು ಕುರಿತು ಎರಡು ಮಾತು ಹೇಳಬೇಕು. ಶಾಸ್ತಾ ಪರ್ವತದ ಹಿಮದ ನೀರು ಒರತೆಗಳಾಗಿ ಚಿಮ್ಮಿ ಮೆಕ್‌ಕ್ಲೌಡ್ ನದಿಯಾಗುತ್ತದೆ. ಕ್ಯಾಲಿಫೋರ್ನಿಯಾದ ಬೇರೆ ನದಿಗಳನ್ನೆಲ್ಲ ಚಿನ್ನ ತೆಗೆಯುವವರು ಬೆಟ್ಟಗಳನ್ನೇ ನೀರಿನಿಂದ ಕೊಚ್ಚಿ ಕೆಸರು ಮಾಡಿದ್ದರು. ಮೆಕ್‌ಕ್ಲೌಡ್ ಕಣಿವೆಯಲ್ಲಿ ಚಿನ್ನವಿರಲಿಲ್ಲ. ಆದುದರಿಂದ ಅದರ ನೀರು ತಿಳಿಯಾಗಿ ಉಳಿದಿತ್ತು. ಬಡತನವೇ ಮಾನ ಕಾಯಿತು ಎಂಬಂತೆ. ಆ ದಡದಲ್ಲಿ ವಿನ್ನೆಮೆಮ್ ವಿಂಟು ಎಂಬ ಜನ ವಾಸವಾಗಿದ್ದರು. ಅವರ ಹೆಸರಿಗೆ ನಡುನದಿಯ ಜನವೆಂದು ಅರ್ಥ. ಸಾಲ್ಮನ್ ಅವರಿಗೆ ಅನ್ನವೂ ಹೌದು, ಬಂಧುವೂ ಹೌದು.

ಆಗಸ್ಟ್ ತಿಂಗಳ ಕೊನೆಯಲ್ಲಿ ಸ್ಟೋನನು ಅಲ್ಲಿಗೆ ತಲಪಿದಾಗ ಮೊಟ್ಟೆಯ ಕಾಲ ಬಹುಮಟ್ಟಿಗೆ ಕಳೆದಿತ್ತು. ನೆರಳಿನಲ್ಲಿಯೂ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುವ ಸೆಖೆ. ಹಲಗೆ, ಮೊಳೆ, ಬಲೆ ಎಲ್ಲವನ್ನೂ ದೂರದಿಂದ ಬಂಡಿಯಲ್ಲಿ ತರಬೇಕು. ಮೂಲನಿವಾಸಿಗಳು ಇವರನ್ನು ಅನುಮಾನದಿಂದ ನೋಡುತ್ತಿದ್ದರು. ಅನುಮಾನ ಅನ್ಯಾಯವಾದುದಲ್ಲ, ಏಕೆಂದರೆ ಅದುವರೆಗೆ ಬಂದ ಬಿಳಿಯರು ಕೇಳಿ ಪಡೆದವರಾಗಿರಲಿಲ್ಲ. ಅಂತೂ ಆ ವರ್ಷ ಸುಮಾರು ೩೦,೦೦೦ ಮೊಟ್ಟೆಗಳನ್ನು ಪೂರ್ವಕ್ಕೆ ಕಳುಹಿಸಿದನು. ದಾರಿಯಲ್ಲಿ ಹೆಚ್ಚಿನವು ಸತ್ತುಹೋದವು. ಉಳಿದ ಕೆಲವು ನೂರು ಮರಿಗಳು ಸಸ್ಕ್ವೆಹನಾ ನದಿಯನ್ನು ಸೇರಿದವು.

ಈ ಕೆಲಸದ ಬಗೆಯನ್ನು ತಿಳಿಯದವರಿಗೆ ಸ್ವಲ್ಪ ವಿವರಿಸಬೇಕಾಗಿದೆ. ನಾನು ಸಾಕಿದ್ದು ಕಾಟ್ಲಾ, ರೋಹು, ಮೃಗಾಲ್ ಮೀನುಗಳನ್ನು. ಅವುಗಳ ಮೊಟ್ಟೆ ಹದಿನಾಲ್ಕರಿಂದ ಹದಿನೆಂಟು ಗಂಟೆಯೊಳಗೆ ಒಡೆಯುತ್ತದೆ. ಸಂಜೆ ಚುಚ್ಚುಮದ್ದು ಕೊಟ್ಟರೆ ನಡುರಾತ್ರಿ ಮೊಟ್ಟೆ, ಮರುದಿನ ಸಂಜೆಯ ಹೊತ್ತಿಗೆ ನೂಲಿನ ತುಣುಕಿನಂಥ ಮರಿ. ಸಾಲ್ಮನ್ನಿನದು ಹಾಗಲ್ಲ. ಹೆಣ್ಣಿನ ಹೊಟ್ಟೆಯನ್ನು ಮೃದುವಾಗಿ ಸವರಿ ತೆಗೆದ ನಾಲ್ಕೈದು ಸಾವಿರ ಮೊಟ್ಟೆ, ಒಂದೊಂದೂ ಬಟಾಣಿ ಕಾಳಿನಷ್ಟು, ಕಿತ್ತಳೆಯ ಬಣ್ಣ. ಗಂಡಿನ ರೇತಸ್ಸು ಬೆರೆಸಿ, ತೊಳೆದು, ತಂಪು ನೀರು ಸದಾ ಹರಿಯುವ ಮರದ ದೋಣಿಗಳಲ್ಲಿ ಹರಡಬೇಕು. ಮೊದಲ ಕೆಲವು ದಿನಗಳ ಬಳಿಕ ಮೊಟ್ಟೆ ಸ್ವಲ್ಪ ಅಲುಗಿದರೂ ಸಾಯುತ್ತದೆ. ಸತ್ತುದು ಬಿಳುಪೇರುತ್ತದೆ, ಅದಕ್ಕೆ ಬೂಷ್ಟು ಹಿಡಿದು ಪಕ್ಕದ್ದನ್ನೂ ಕೊಲ್ಲುತ್ತದೆ. ಆದ್ದರಿಂದ ದಿನವೂ ಚಿಮುಟದಿಂದ ಒಂದೊಂದಾಗಿ ಆರಿಸಿ ತೆಗೆಯಬೇಕು. ಕೆಲವು ವಾರಗಳ ಮೇಲೆ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕೆ ಕಾಣುತ್ತವೆ. ಅವು ಮರಿಯ ಕಣ್ಣುಗಳು. ಕಣ್ಣು ಮೂಡಿದ ಮೊಟ್ಟೆ ಗಟ್ಟಿ. ಅದನ್ನು ಹಸಿ ಹಾವಸೆಯ ಪದರಗಳ ನಡುವೆ ಇಟ್ಟು, ಸುತ್ತ ಮಂಜುಗಡ್ಡೆ ತುಂಬಿ, ಸಾವಿರಾರು ಮೈಲಿ ಕಳುಹಿಸಬಹುದು. ಒಳಗಿನ ಹಾವಸೆ ಒಣಗಬಾರದು, ಮಂಜು ಕರಗಿ ಮುಗಿಯಬಾರದು, ಪೆಟ್ಟಿಗೆ ಕುಲುಕಬಾರದು. ವ್ಯವಸ್ಥಾಪಕನೆಂದರೆ ಇಷ್ಟೆ: ಯಾವುದು ಕೆಡಬಹುದೋ ಅದನ್ನು ಮುಂಚಿತವಾಗಿ ಹೆದರಿ ಕಾಯುವವನು.

೧೮೭೩ರಲ್ಲಿ ಬೇರ್ಡ್ ಇನ್ನೊಂದು ಸಾಹಸವನ್ನು ಹೊರಿಸಿದನು. ಪೂರ್ವದ ಮೀನುಗಳನ್ನು ಪಶ್ಚಿಮಕ್ಕೆ ಒಯ್ಯುವ ಕೆಲಸ ಅದು. ಒಂದು ರೈಲು ಬಂಡಿಯನ್ನೇ ತೊಟ್ಟಿಗಳಿಂದ ತುಂಬಿ, ಅದರಲ್ಲಿ ಬಾಸ್, ಪರ್ಚ್, ಬೆಕ್ಕುಮೀನು, ಹಾವುಮೀನು, ಸಮುದ್ರದ ಲಾಬ್‌ಸ್ಟರ್ ಇವೆಲ್ಲವನ್ನೂ ಇರಿಸಿಕೊಂಡು ಸ್ಟೋನನು ಜೂನ್ ಮೊದಲ ವಾರದಲ್ಲಿ ಚಾರ್ಲ್ಸ್‌ಟೌನಿನಿಂದ ಹೊರಟನು. ಆತನೂ ಸಹಾಯಕರೂ ಹಗಲಿರುಳು ನೀರು ಬದಲಿಸುತ್ತ, ಗಾಳಿಯಾಡಿಸುತ್ತ, ಮಂಜು ಹಾಕುತ್ತ ಹೋದರು. ಜೂನ್ ೮ರಂದು ನೆಬ್ರಾಸ್ಕದ ಎಲ್ಕ್‌ಹಾರ್ನ್ ನದಿಯ ಸೇತುವೆ ಕುಸಿಯಿತು. ಬಂಡಿ ಪ್ರವಾಹಕ್ಕೆ ಬಿದ್ದಿತು. ತೊಟ್ಟಿಗಳ ನಡುವೆ ಸಿಕ್ಕ ಸ್ಟೋನನೂ ಸಂಗಡಿಗರೂ ಹೇಗೋ ಜೀವ ಉಳಿಸಿಕೊಂಡು ಹೊರಬಂದರು. ಮೀನುಗಳೆಲ್ಲ, ಕಳುಹಿಸಿದವರು ಎಣಿಸದ ನದಿಯನ್ನು ಸೇರಿದವು.

ನನಗೂ ಇಂಥ ಒಂದು ರಾತ್ರಿ ಬಂದಿದೆ, ತೀರ ಸಣ್ಣ ಪ್ರಮಾಣದಲ್ಲಿ. ಆಷಾಢದ ಮಳೆಯಲ್ಲಿ ಮೇಲಿನ ತೊಟ್ಟಿಯ ಕೊಳವೆಗೆ ಕಸ ಸಿಕ್ಕಿ ನೀರು ನಿಂತಿತು. ಕಾವಲಿನ ಸರದಿ ನನ್ನದು. ನಾನು ಒಂದು ಗಂಟೆ ಕಣ್ಣು ಮುಚ್ಚಿದ್ದೆ. ಎದ್ದು ದೀಪ ಹಿಡಿದು ನೋಡಿದರೆ ತೊಟ್ಟಿಯ ಮೇಲೆಲ್ಲ ಬಿಳಿಯ ಕೆನೆ ಕಟ್ಟಿದಂತಿತ್ತು. ಲಕ್ಷಗಟ್ಟಲೆ ಮರಿಗಳು. ಬೆಳಗಿನವರೆಗೆ ಅದನ್ನು ಬಟ್ಟೆಯಿಂದ ಸೋಸಿ ತೆಗೆದೆ. ಮರುದಿನ ಲೆಕ್ಕದ ಪುಸ್ತಕದಲ್ಲಿ ನಷ್ಟವೆಂದು ಒಂದು ಸಾಲು ಬರೆದದ್ದಷ್ಟೆ. ಆ ಬೆಳಗ್ಗೆ ಈ ಕೆಲಸವನ್ನು ಬಿಡಬೇಕೆಂದು ನಿಶ್ಚಯಿಸಿದ್ದೆ. ಸಂಜೆಯ ಹೊತ್ತಿಗೆ ಮತ್ತೊಂದು ಜೋಡಿ ಮೀನಿಗೆ ಚುಚ್ಚುಮದ್ದು ಕೊಡುತ್ತಿದ್ದೆ. ಸ್ಟೋನನು ಮಾಡಿದ್ದೂ ಅದನ್ನೇ. ಬೇರ್ಡನಿಗೆ ತಂತಿ ಕಳುಹಿಸಿ, ಹಿಂದಿರುಗಿ, ಹಡ್ಸನ್ ನದಿಯ ಷ್ಯಾಡ್ ಎಂಬ ಮೀನಿನ ಮರಿಗಳನ್ನು ಹಾಲಿನ ಕ್ಯಾನುಗಳಂಥ ಪಾತ್ರೆಗಳಲ್ಲಿ ತುಂಬಿಕೊಂಡು ಮತ್ತೆ ಹೊರಟನು. ಅಪಘಾತವಾಗಿ ತಿಂಗಳು ತುಂಬುವ ಮೊದಲೇ ಸುಮಾರು ೩೫,೦೦೦ ಮರಿಗಳನ್ನು ಸ್ಯಾಕ್ರಮೆಂಟೋ ನದಿಗೆ ಬಿಟ್ಟನು.

ಮೆಕ್‌ಕ್ಲೌಡ್ ದಡದ ಕೇಂದ್ರಕ್ಕೆ ಬೇರ್ಡನ ಹೆಸರೇ ನಿಂತಿತು. ನದಿಯ ಸೆಳೆತದಿಂದಲೇ ತಿರುಗಿ ನೀರನ್ನು ಮೇಲಕ್ಕೆತ್ತುವ ದೊಡ್ಡ ಚಕ್ರವನ್ನು ಸ್ಟೋನನು ಕಟ್ಟಿಸಿದನು. ಮೊದಲ ವರ್ಷದ ಸಾವಿರಗಳು ಎರಡೇ ವರ್ಷಗಳಲ್ಲಿ ಐವತ್ತು ಲಕ್ಷವನ್ನು ದಾಟಿದವು. ಪೂರ್ವದ ನದಿಗಳಿಗೆ, ಮಹಾಸರೋವರಗಳಿಗೆ, ಯೂರೋಪಿಗೆ, ಆಸ್ಟ್ರೇಲಿಯಕ್ಕೆ, ನ್ಯೂಜಿಲೆಂಡಿಗೆ ಆ ಮೊಟ್ಟೆಗಳು ಹೋದವು. ೧೮೭೯ರ ಸುಮಾರಿಗೆ ಅದೇ ನದಿಯ ಮೇಲ್ಭಾಗದಲ್ಲಿ ಕಾಮನಬಿಲ್ಲಿನ ಬಣ್ಣದ ಟ್ರೌಟ್ ಮೀನಿಗಾಗಿ ಇನ್ನೊಂದು ಕೇಂದ್ರ ತೆರೆಯಿತು. ಇಂದು ಲೋಕದ ನಾನಾ ಕಡೆ ಸಾಕುವ ರೇನ್‌ಬೋ ಟ್ರೌಟ್ ತಳಿಗಳಲ್ಲಿ ಮೆಕ್‌ಕ್ಲೌಡಿನ ರಕ್ತ ಸೇರಿದೆ. ನಮ್ಮ ನೆರೆಯ ನೀಲಗಿರಿಯ ತೊರೆಗಳಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ನೆಲೆಯೂರಿದುದೂ ಇದೇ ಜಾತಿಯ ಮೀನು. ೧೮೭೯ರಲ್ಲಿಯೇ ಸ್ಟೋನನು ಪೂರ್ವತೀರದಿಂದ ಪಟ್ಟೆಯುಳ್ಳ ಬಾಸ್ ಮೀನಿನ ನೂರ ಮೂವತ್ತರಷ್ಟು ಮರಿಗಳನ್ನು ತಂದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಮೇಲ್ಗಡೆ ಬಿಟ್ಟನು. ಇಪ್ಪತ್ತು ವರ್ಷಗಳಲ್ಲಿ ಅದು ಅಲ್ಲಿಯ ಮಾರುಕಟ್ಟೆಯನ್ನು ತುಂಬಿತು.

ಇಷ್ಟನ್ನು ಕೇಳಿದರೆ ಸ್ಟೋನನು ಗೆದ್ದನೆಂದೇ ಅನ್ನಿಸುತ್ತದೆ. ಆದರೆ ಯಾವುದಕ್ಕಾಗಿ ಹೊರಟಿದ್ದನೋ ಅದು ಕೈಗೂಡಲಿಲ್ಲ. ಕೋಟಿಗಟ್ಟಲೆ ಮೊಟ್ಟೆ ಕಳುಹಿಸಿದರೂ ಪೆಸಿಫಿಕ್ ಸಾಲ್ಮನ್ ಅಟ್ಲಾಂಟಿಕ್ ತೀರದ ಒಂದು ನದಿಯಲ್ಲಿಯೂ ನಿಲ್ಲಲಿಲ್ಲ. ಮರಿಗಳು ಸಮುದ್ರಕ್ಕೆ ಹೋದವು, ಮರಳಿ ಬರಲಿಲ್ಲ. ಬರಬೇಕೆಂದು ಹಂಬಲಿಸದೆ ತಂದ ಬಾಸ್ ಮೀನು ಮಾತ್ರ ಬೇರುಬಿಟ್ಟಿತು. ಅದು ಸಾಲ್ಮನ್ ಮರಿಗಳನ್ನೇ ತಿನ್ನುತ್ತದೆಂಬ ದೂರು ಇಂದಿಗೂ ಇದೆ. ನದಿಯೆಂದರೆ ತುಂಬಿಸಬೇಕಾದ ಬರಿಯ ಪಾತ್ರೆಯಲ್ಲವೆಂಬುದು ಹೀಗೆ ನಿಧಾನವಾಗಿ ಗೊತ್ತಾಗತೊಡಗಿತು.

ಇನ್ನೊಂದು ಸಂಗತಿಯನ್ನು ಮರೆಮಾಚಲಾಗದು. ಮೀನುಗಳು ಮೇಲಕ್ಕೆ ಹೋಗದಂತೆ ತಡೆದು ಕೆಳಗೆ ಬಲೆ ಬೀಸಲು ಸ್ಟೋನನು ನದಿಗೆ ಅಡ್ಡಲಾಗಿ ಬೇಲಿ ಹಾಕಿಸಿದನು. ಕನೆಕ್ಟಿಕಟ್ಟಿನಲ್ಲಿ ಕಟ್ಟೆ ಮಾಡಿದ್ದನ್ನು ಮೀನನ್ನು ಉಳಿಸಬಂದವನೇ ಇಲ್ಲಿ ಮಾಡಬೇಕಾಯಿತು. ಮೇಲಿನ ಹಳ್ಳಿಗಳ ವಿನ್ನೆಮೆಮ್ ಜನ ಕೆರಳಿದರು. ಆಗ ಆದ ಒಡಂಬಡಿಕೆಯಂತೆ, ಮೊಟ್ಟೆ ತೆಗೆದ ಮೇಲೆ ಮೀನನ್ನು ಅವರಿಗೇ ಕೊಡುತ್ತಿದ್ದರು. ಪೆಸಿಫಿಕ್ ಸಾಲ್ಮನ್ ಮೊಟ್ಟೆಯಿಟ್ಟ ಬಳಿಕ ಹೇಗೂ ಸಾಯುತ್ತದೆ. ಬಲೆಯೆಳೆಯುವ ಕೂಲಿಯೂ ಅವರಿಗೆ ದೊರೆಯಿತು. ಸ್ಟೋನನ ಮನಸ್ಸೂ ಕ್ರಮೇಣ ಬದಲಾಯಿತು. ಮೊದಮೊದಲು ಬಂದೂಕು ಪಕ್ಕದಲ್ಲಿಟ್ಟುಕೊಂಡು ಮಲಗುತ್ತಿದ್ದವನು, ಅವರ ಭಾಷೆಯ ಶಬ್ದಗಳನ್ನು ಪಟ್ಟಿಮಾಡಿ ಸರಕಾರದ ವರದಿಯಲ್ಲಿ ಅಚ್ಚುಹಾಕಿಸಿದನು. ಆ ನೆಲ ಅವರದೆಂಬುದನ್ನು ಮೇಲಿನವರ ಗಮನಕ್ಕೆ ತಂದನು. ಅದರಿಂದ ಹೆಚ್ಚು ಫಲವಾಗಲಿಲ್ಲ. ಆದರೂ ಮೀನಿನ ಜೊತೆಗೆ ಮೀನಿನ ಜನರನ್ನೂ ನೋಡಿದ ಕಣ್ಣು ಅದು ಎಂಬುದನ್ನು ನಾನು ಗೌರವಿಸುತ್ತೇನೆ.

೧೮೮೩ರಲ್ಲಿ ಸ್ಯಾಕ್ರಮೆಂಟೋ ಕಣಿವೆಯಲ್ಲಿ ರೈಲುದಾರಿಗಾಗಿ ಬಂಡೆಗಳನ್ನು ಸಿಡಿಸತೊಡಗಿದರು. ಆ ವರ್ಷ ಮೆಕ್‌ಕ್ಲೌಡಿಗೆ ಮೀನು ಏರಿ ಬರಲಿಲ್ಲವೆನ್ನುವಷ್ಟು ಕಡಮೆಯಾಯಿತು. ತೊಟ್ಟಿಗಳಿದ್ದವು, ಚಕ್ರವಿತ್ತು, ಅನುಭವವುಳ್ಳ ಕೈಗಳಿದ್ದವು, ಮೀನಿರಲಿಲ್ಲ. ಸಾಲ್ಮನ್ ಮೊಟ್ಟೆಯ ಕೆಲಸ ನಾಲ್ಕೈದು ವರ್ಷ ನಿಂತಿತು. ನದಿ ಕೊಟ್ಟರೆ ಮಾತ್ರ ಮೀನುಮರಿ ಕೇಂದ್ರ ನದಿಗೆ ಹಿಂದಿರುಗಿಸಬಲ್ಲದೆಂಬ ಸತ್ಯವನ್ನು ಆ ಬರಿಯ ತೊಟ್ಟಿಗಳು ಆತನಿಗೆ ಕಲಿಸಿರಬೇಕು. ಅಷ್ಟರಲ್ಲಿ ಆತನು ಆರೆಗಾನಿನ ಕ್ಲಾಕಮಸ್ ನದಿಯಲ್ಲಿಯೂ ಒಂದು ಕೇಂದ್ರವನ್ನು ಕಟ್ಟಿದ್ದನು. ಕೊಲಂಬಿಯಾ ನದಿಯಲ್ಲಿ ಡಬ್ಬಿ ಕಾರ್ಖಾನೆಗಳು ಮೀನನ್ನು ಬಾಚಿಕೊಳ್ಳುವ ವೇಗವನ್ನು ಕಣ್ಣಾರೆ ಕಂಡಿದ್ದನು. ೧೮೮೯ರಲ್ಲಿ ಅಲಾಸ್ಕದ ಸಾಲ್ಮನ್ ನದಿಗಳ ಪರಿಶೀಲನೆಗೆ ಹೋದಾಗ ಅದೇ ನೋಟ ಅಲ್ಲಿಯೂ ಎದುರಾಯಿತು.

೧೮೯೨ರಲ್ಲಿ, ತಾನು ಕಟ್ಟಲು ನೆರವಾಗಿದ್ದ ಆ ಸಂಘದ ಮುಂದೆ, ಸ್ಟೋನನು ಒಂದು ಪ್ರಬಂಧ ಓದಿದನು. ಆಗ ಆತನ ವಯಸ್ಸು ಐವತ್ತೈದು. ಇಪ್ಪತ್ತೈದು ವರ್ಷ ಕೃತಕವಾಗಿ ಮೀನು ಹುಟ್ಟಿಸಿದವನು ಅಂದು ಕೇಳಿದ್ದು ಇನ್ನಷ್ಟು ತೊಟ್ಟಿಗಳನ್ನಲ್ಲ. ಬಯಲುಗಳಲ್ಲಿ ಲೆಕ್ಕವಿಲ್ಲದಷ್ಟಿದ್ದ ಕಾಡೆಮ್ಮೆ ಕಣ್ಣೆದುರಿಗೇ ಅಳಿದುಹೋದಂತೆ ಸಾಲ್ಮನ್ನೂ ಅಳಿಯುತ್ತದೆ. ಬಲೆ, ಕಟ್ಟೆ, ಮರದ ಗಿರಣಿ, ಎಲ್ಲಕ್ಕಿಂತ ಮಿಗಿಲಾಗಿ ಮನುಷ್ಯನ ದುರಾಸೆ, ಇವುಗಳ ಮುಂದೆ ಅದು ನಿಲ್ಲಲಾರದು. ಆದುದರಿಂದ ಎಲ್ಲಿಯಾದರೂ ಒಂದು ಕಡೆ, ಯಾರೂ ಬಲೆ ಹಾಕದ, ಯಾರೂ ಕಟ್ಟೆ ಕಟ್ಟದ ಒಂದು ಆಶ್ರಯವನ್ನು ಅದಕ್ಕೆ ಬಿಟ್ಟುಕೊಡಿ ಎಂಬುದು ಆತನ ವಾದದ ತಿರುಳು. ತನ್ನ ವೃತ್ತಿಯ ಮಿತಿಯನ್ನು ವೃತ್ತಿಯವರ ಸಭೆಯಲ್ಲಿಯೇ ಒಪ್ಪಿಕೊಳ್ಳುವುದು ಸುಲಭವಲ್ಲ. ಪಾದ್ರಿಯ ಅಂಗಿಯನ್ನು ಕಳಚಿಟ್ಟವನು ಅಂದು ಮತ್ತೆ ಉಪದೇಶಿಯಾದನು. ಆ ವರ್ಷದ ಡಿಸೆಂಬರಿನಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅಲಾಸ್ಕದ ಅಫೋಗ್ನಾಕ್ ದ್ವೀಪವನ್ನು ಕಾಡಿಗೂ ಮೀನಿಗೂ ಮೀಸಲಿಟ್ಟು ಘೋಷಣೆ ಹೊರಡಿಸಿದನು.

೧೮೯೭ರಿಂದ ಸ್ಟೋನನು ನ್ಯೂಯಾರ್ಕ್ ಪ್ರಾಂತದ ಕೇಪ್ ವಿನ್ಸೆಂಟಿನ ಕೇಂದ್ರವನ್ನು ನೋಡಿಕೊಂಡನು. ೧೯೦೬ರಲ್ಲಿ ನಿವೃತ್ತನಾದನು. ೧೯೧೨ರ ಡಿಸೆಂಬರಿನಲ್ಲಿ ಪಿಟ್ಸ್‌ಬರ್ಗಿನಲ್ಲಿ ಕಾಲವಾದನು. ಅಷ್ಟರಲ್ಲಿ ಆತನ ಒಂದು ಕನಸು ಆತನು ಎಣಿಸದ ಕಡೆಯಲ್ಲಿ ಕೈಗೂಡಿತ್ತು: ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಿಂದ ಹೋದ ಮೊಟ್ಟೆಗಳಿಂದ ನ್ಯೂಜಿಲೆಂಡಿನ ನದಿಗಳಲ್ಲಿ ಸಾಲ್ಮನ್ ನೆಲೆಯೂರಿತು.

ಆತನ ಕಥೆ ಆತನೊಂದಿಗೆ ಮುಗಿಯಲಿಲ್ಲ. ೧೯೩೮ರಲ್ಲಿ ಸ್ಯಾಕ್ರಮೆಂಟೋ ನದಿಗೆ ಶಾಸ್ತಾ ಅಣೆಕಟ್ಟಿನ ಕೆಲಸ ಮೊದಲಾಯಿತು, ೧೯೪೫ರಲ್ಲಿ ಮುಗಿಯಿತು. ಅದರ ಎತ್ತರ ೬೦೨ ಅಡಿ. ಮೆಕ್‌ಕ್ಲೌಡಿಗೆ ಸಾಲ್ಮನ್ ಏರುವ ದಾರಿ ಮುಚ್ಚಿತು. ಬೇರ್ಡ್ ಕೇಂದ್ರ, ಸ್ಟೋನನು ಬಲೆ ಬೀಸಿದ ಮಡು, ವಿನ್ನೆಮೆಮ್ ಜನರ ಹಳ್ಳಿಗಳು, ಅವರ ಹಿರಿಯರ ಸಮಾಧಿನೆಲಗಳು, ಎಲ್ಲವೂ ಜಲಾಶಯದ ತಳ ಸೇರಿದವು. ಚಳಿಗಾಲದಲ್ಲಿ ಏರಿ ಬರುವ ಸಾಲ್ಮನ್ನಿನ ಒಂದು ಬಳಗ ೧೯೯೧ರಲ್ಲಿ ಸುಮಾರು ಇನ್ನೂರಕ್ಕೆ ಇಳಿಯಿತು. ಅದನ್ನು ಉಳಿಸಲು ೧೯೯೭ರ ಸುಮಾರಿಗೆ ಅಣೆಕಟ್ಟಿನ ಬುಡದಲ್ಲಿಯೇ ಹೊಸ ಮೀನುಮರಿ ಕೇಂದ್ರವೊಂದನ್ನು ಕಟ್ಟಿ ಲಿವಿಂಗ್‌ಸ್ಟನ್ ಸ್ಟೋನನ ಹೆಸರಿಟ್ಟರು. ಕಟ್ಟೆ ಕಟ್ಟದ ನೆಲೆಯೊಂದನ್ನು ಬೇಡಿದವನ ಹೆಸರು ಕಟ್ಟೆಯ ಬುಡದಲ್ಲಿ! ವಿಧಿಯ ವಿನೋದ ಎನ್ನಬೇಕಾದದ್ದೇ. ಆದರೂ ಆ ಕೇಂದ್ರ ಇಲ್ಲದಿದ್ದರೆ ಆ ಬಳಗ ಉಳಿಯುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ೨೦೧೦ರಲ್ಲಿ ವಿನ್ನೆಮೆಮ್ ಜನರು ಕೆಲವರು ನ್ಯೂಜಿಲೆಂಡಿಗೆ ಹೋಗಿ, ರಕಾಯ ನದಿಯ ದಡದಲ್ಲಿ ತಮ್ಮ ನದಿಯ ಮೀನಿನ ವಂಶದವುಗಳೆದುರು ಕುಣಿದು ಕ್ಷಮೆ ಬೇಡಿದರು. ೨೦೨೨ರಲ್ಲಿ ಸರಕಾರದ ಇಲಾಖೆಗಳೂ ಅವರೂ ಕೂಡಿ, ಚಳಿಗಾಲದ ಸಾಲ್ಮನ್ನಿನ ಸಾವಿರಾರು ಮೊಟ್ಟೆಗಳನ್ನು ಜಲಾಶಯದ ಮೇಲ್ಗಡೆ ಮೆಕ್‌ಕ್ಲೌಡಿನ ತಂಪು ನೀರಿಗೆ ಮರಳಿ ಒಯ್ದರು. ಸ್ಟೋನನು ಮೊಟ್ಟೆಯನ್ನು ಆ ನದಿಯಿಂದ ಹೊರಗೆ ಕಳುಹಿಸತೊಡಗಿ ಸರಿಯಾಗಿ ನೂರೈವತ್ತು ವರ್ಷಗಳಾಗಿದ್ದವು.

ನಮ್ಮಲ್ಲಿ ೧೯೫೭ರ ಜುಲೈ ೧೦ರಂದು ಒರಿಸ್ಸಾದಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆಜಾತಿಯ ಮೀನುಗಳಿಗೆ ಮೊಟ್ಟೆಯಿಡಿಸಿದರು. ಅದರಿಂದ ನಮ್ಮ ಕೆರೆಗಳಿಗೆ ಮರಿಯ ಕೊರತೆ ನೀಗಿತು, ಬಡವರ ತಟ್ಟೆಗೆ ಮೀನು ಬಂದಿತು. ನನ್ನ ಮನೆಯೂ ಅದರಿಂದಲೇ ನಡೆಯಿತು. ಇದನ್ನು ನಾನು ಎಂದಿಗೂ ಅಲ್ಲಗಳೆಯಲಾರೆ. ಆದರೆ ಕೆರೆಯೇ ಬೇರೆ, ಹೊಳೆಯೇ ಬೇರೆ. ಕೆರೆ ನಾವು ಕಟ್ಟಿದ್ದು, ಬಿತ್ತಿದರೆ ಬೆಳೆಯುತ್ತದೆ. ಹೊಳೆಗೆ ತನ್ನದೇ ಬೆಳೆಯುಂಟು. ಕಾವೇರಿಯಲ್ಲಿ ಕಿತ್ತಳೆ ರೆಕ್ಕೆಯ, ಬೆನ್ನು ಡುಬ್ಬಾದ ಮಹಶೀರ್ ಮೀನು ಒಂದು ಕಾಲದಲ್ಲಿ ಆಳೆತ್ತರ ಬೆಳೆಯುತ್ತಿತ್ತು. ಆ ಮೀನು ಕಡಮೆಯಾಯಿತೆಂದು ಬೇರೆ ನದಿಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ವರ್ಷವರ್ಷವೂ ತಂದು ಬಿಟ್ಟರು. ಒಳ್ಳೆಯ ಉದ್ದೇಶದಿಂದಲೇ ಬಿಟ್ಟರು. ಬಂದ ಮೀನು ಹೆಚ್ಚಿತು, ಇದ್ದ ಮೀನು ಇನ್ನೂ ಅಳಿಯಿತು. ೨೦೧೮ರಲ್ಲಿ ಆ ಡುಬ್ಬದ ಮಹಶೀರನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಹೊರಗಿನ ಮರಿಗಳ ಬಿತ್ತನೆಯೂ ಅದಕ್ಕೆ ಒಂದು ಕಾರಣವೆಂದು ವಿದ್ವಾಂಸರು ಹೇಳುತ್ತಾರೆ.

ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಬಳಿ ನಿಂತವರೆಲ್ಲ ಅಲ್ಲಿಯ ಮೀನುಗಳನ್ನು ನೋಡಿದ್ದಾರೆ. ಅಲ್ಲಿ ಯಾರೂ ಬಲೆ ಹಾಕುವುದಿಲ್ಲ. ಪುರಿ ಚೆಲ್ಲಿದರೆ ಮೊಳದುದ್ದದ ಮೀನುಗಳು ಮೈಗೆ ಮೈ ತಾಗಿಸಿ ಬರುತ್ತವೆ. ನಿವೃತ್ತನಾದ ವರ್ಷ ನಾನೂ ಹೋಗಿ ಕುಳಿತಿದ್ದೆ. ಸ್ಟೋನನು ವಿದ್ವತ್ಸಭೆಯಲ್ಲಿ ವಾದಿಸಿ ಬೇಡಿದುದನ್ನು ನಮ್ಮ ಹಳಬರು ದೇವರ ಹೆಸರಿನಲ್ಲಿ ನಾಲ್ಕು ಮೆಟ್ಟಿಲುಗಳಷ್ಟಾದರೂ ಕೊಟ್ಟಿದ್ದಾರಲ್ಲ ಎನ್ನಿಸಿತು. ನನ್ನ ಕಾಲದ ಲೆಕ್ಕದ ಪುಸ್ತಕಗಳಲ್ಲಿ ನಾನು ಹೊರಗೆ ಕಳುಹಿಸಿದ ಮರಿಗಳ ಸಂಖ್ಯೆ ಕೋಟಿಗಳಲ್ಲಿದೆ. ಅವುಗಳಲ್ಲಿ ಕೆಲವು ಹೊಳೆಗೂ ಹೋದುವು. ಬಟ್ಟಲಿನಿಂದ ಅಳೆದು ಬರೆದ ಲೆಕ್ಕ ಅದು, ತಪ್ಪಿಲ್ಲ. ಬಿಟ್ಟ ಮೇಲೆ ಅವುಗಳಿಗೇನಾಯಿತು, ಅವು ಯಾರ ಜಾಗವನ್ನು ಹಿಡಿದವು ಎಂಬುದಕ್ಕೆ ಆ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ. ಆ ಅಂಕಣವೊಂದು ಬೇಕಿತ್ತೆಂದು ಸ್ಟೋನನು ಐವತ್ತೈದನೆಯ ವಯಸ್ಸಿನಲ್ಲಿ ಕಂಡುಕೊಂಡನು. ನನಗೆ ಇನ್ನೂ ಐದಾರು ವರ್ಷ ಹೆಚ್ಚು ಬೇಕಾಯಿತು.